ನೀಲಿ ಟೋಪಿಯ ಅಜ್ಜ

ಕೆಂಪು ಬಾಗಿಲಿನ ಅದೇ ಮನೆಯೆದುರು ಮೂರನೇ ಸಲ ಬಂದು ನಿಂತಾಗ ಲಂಬು ಬೆನ್ನಿನ ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತೇಬಿಟ್ಟ. "ಗಾಣದೆತ್ತಿಗಾದ್ರೂ ಸಂಜೆ ಒಂದು ಹಿಡಿ ಹುಲ್ಲು ಸಿಗುತ್ತೆ. ನಮ್ಮ ಗತಿ ಏನು ದಿಕ್ಸೂಚಿ?" ಎಂದ.

ದಿಕ್ಸೂಚಿ ಎನ್ನುವುದು ಗೆಳೆಯರು ಅವಳಿಗೆ ಕಟ್ಟಿದ ಹೆಸರು. ಪರದೇಶದ ಈ ಮಹಾನಗರಕ್ಕೆ ಓದಲು ಬಂದ ಮೊದಲ ವಾರವೇ ಲೈಬ್ರರಿಯಿಂದ ಕ್ಯಾಂಟೀನಿಗೆ ಹೊರಟವಳು ಬಸ್ ಡಿಪೋ ತಲುಪಿದ್ದಳು. ಅಂಥವಳು ಇವತ್ತು, "ಊರು ನಾನು ತೋರಿಸ್ತೀನಿ, ನೀವು ಸುಮ್ನೆ ನನ್ನ ಹಿಂದೆ ಬನ್ನಿ" ಎಂದು ಪಣತೊಟ್ಟು ಲಂಬುವನ್ನೂ ತನ್ನ ಕೋಣೆಯ ಜೊತೆಗಾತಿಯನ್ನೂ ಹೊರಡಿಸಿಕೊಂಡು ಬಂದಿದ್ದಳು. ಗಡಿಯಾರದ ಗೋಪುರ ಹತ್ತಿಸದೆ ವಾಪಸ್ಸು ಕರೆದೊಯ್ದರೆ ಓದು ಮುಗಿಯುವವರೆಗೂ ಇವರ ಬಾಯಿಗೆ ಬೀಳಬೇಕು. ಗೋಪುರದ ಬಾಗಿಲು ಹಾಕುವ ಹೊತ್ತು ಬೇರೆ ಹತ್ತಿರವಾಗುತ್ತಿತ್ತು. ಹಳೇ ಪೇಟೆಯ ಸಂದಿಗೊಂದಿಗಳಲ್ಲಿ ಫೋನಿನ ಬಾಣವೂ ತಲೆ ಕೆಟ್ಟು ಗಿರಗಿರನೆ ಸುತ್ತುತ್ತಿತ್ತು.

ಆಗಲೇ ಆ ಫೋನಿನಲ್ಲಿ ಅಮ್ಮನ ಮುಖ ಮೂಡಿತು. ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು, ಕೊರಳಲ್ಲಿ ಅಳತೆಯ ಟೇಪು.

"ಗೋಪುರಕ್ಕೆ ಹೊರಟೋರು ದಾರಿ ತಪ್ಪಿದ್ರಾ?"

"ಇಲ್ಲಮ್ಮ, ಸುಮ್ನೆ ನಿಂತಿದೀವಿ."

"ತಪ್ಪಿದೀವಿ ಆಂಟಿ!" ಎಂದು ಲಂಬು ಕೂತಲ್ಲಿಂದಲೇ ಕೂಗಿದ.

"ನಿನ್ನ ಹಿಂದೆ ಕೆಂಪು ಬಾಗಿಲು ಕಾಣ್ತಿದೆಯಲ್ಲ, ಅದರ ಪಕ್ಕದ ಸಂದಿ ಹಿಡೀರಿ. ಮುಂದೆ ಹೂವಿನಂಗಡಿ ಸಿಗುತ್ತೆ. ಬಾಗಿಲಲ್ಲಿ ನೀಲಿ ಟೋಪಿಯ ಅಜ್ಜ ಒಬ್ಬ ಕೂತಿರ್ತಾನೆ. ಅವನ ಎಡಗಡೆ ತಿರುಗಿದ್ರೆ ಗೋಪುರ."

ಮೂವರೂ ಮುಖ ಮುಖ ನೋಡಿಕೊಂಡರು. "ನಿಂಗೆ ಹೇಗಮ್ಮ ಗೊತ್ತು?" ಎಂದಳು ಅವಳು.

"ನಿನ್ನೆ ಹೋಗಿ ನೋಡ್ಕೊಂಡು ಬಂದೆ" ಎಂದಳು ಅಮ್ಮ, ಬೀದಿ ತುದಿಯ ಅಂಗಡಿಗೆ ಹೋಗಿ ದಾರದುಂಡೆ ತಂದವಳ ಹಾಗೆ. ಫೋನಿನ ನಕ್ಷೆಯಲ್ಲಿರುವ ಬೀದಿಗಳ ಫೋಟೋದೊಳಗೆ ಇಳಿದು, ಬೆರಳಲ್ಲೇ ಮುಂದೆ ಮುಂದೆ ನಡೆಯುವುದನ್ನು ದಿಕ್ಸೂಚಿಯ ತಮ್ಮ ಅಮ್ಮನಿಗೆ ಕಲಿಸಿಕೊಟ್ಟಿದ್ದನಂತೆ. ಊರಿನ ಬಸ್ ನಿಲ್ದಾಣದಾಚೆಗೆ ಒಬ್ಬಳೇ ಹೋಗಲು ಹೆದರುವ ಅಮ್ಮ ಅಂದಿನಿಂದ ದಿನಕ್ಕೊಂದು ಬೀದಿಯಂತೆ ಈ ನಗರ ಸುತ್ತುತ್ತಿದ್ದಳು.

ಸಂದಿ ದಾಟಿದರು. ಹೂವಿನಂಗಡಿ ಇರಬೇಕಾದ ಕಡೆ ಕನ್ನಡಕದ ಅಂಗಡಿಯಿತ್ತು. ಬಾಗಿಲಲ್ಲಿ ಅಜ್ಜನೂ ಇಲ್ಲ, ಟೋಪಿಯೂ ಇಲ್ಲ. ವೈದ್ಯಕೀಯ ಓದುತ್ತಿದ್ದುದರಿಂದ ಡಾಕ್ಟರ್ ಎನಿಸಿಕೊಂಡಿದ್ದ ಜೊತೆಗಾತಿ ತಕ್ಷಣ ರೋಗ ಹಿಡಿದಳು. ದಿಕ್ಸೂಚಿಯ ಕಿವಿಯಲ್ಲಿ, "ಲೇ, ಆ ಫೋಟೋ ತೆಗೆದು ಎಷ್ಟು ವರ್ಷ ಆಗಿದೆಯೋ ಏನೋ. ಆಂಟಿ ಅದನ್ನ ಈಗಿನದೇ ಅಂದ್ಕೊಂಡಿದಾರೆ ಕಣೆ" ಎಂದಳು. ಲಂಬು ನಗು ತಡೆಯಲಾಗದೆ ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡ.

"ಅಜ್ಜ ಇದಾನೇನೇ?" ಎಂದಳು ಅಮ್ಮ. "ಮಧ್ಯಾಹ್ನ ನೋಡಿದ್ರೂ ಅಲ್ಲೇ, ರಾತ್ರಿ ಮಲಗೋವಾಗ ನೋಡಿದ್ರೂ ಅಲ್ಲೇ. ಊಟಕ್ಕಾದ್ರೂ ಎದ್ದು ಹೋಗ್ತಾನೋ ಇಲ್ವೋ ಪಾಪ."

ಅವಳಿಗೂ ನಗು ಬಂತು. ಅದರ ಜೊತೆಗೆ ಒಂದು ಸಣ್ಣ ಆಸೆಯೂ ಬಂತು. ದಾರಿ ಗೊತ್ತಿಲ್ಲದವಳು ತಾನೊಬ್ಬಳೇ ಅಲ್ಲ ಎಂದು ಇವರೆದುರು ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

"ಅಮ್ಮಾ, ನೀನು ನೋಡೋದೆಲ್ಲ ಹಳೇ..."

"ಹಾಂ, ಮರೆತೇಬಿಟ್ಟಿದ್ದೆ" ಎಂದು ಅಮ್ಮ ನಡುವೆಯೇ ಬಾಯಿ ಹಾಕಿದಳು. "ದಿನಾ ಮಲಗೋ ಮುಂಚೆ ನಿನ್ನ ಕೋಣೆ ಕಡೆಗೂ ಒಂದು ಸಲ ಹೋಗಿ ಬರ್ತೀನಿ. ಕೆಳಗೆ ರಸ್ತೇಲಿ ನಿಂತು ಮೇಲೆ ನೋಡ್ತೀನಿ. ಮೂರನೇ ಮಹಡಿ, ಮೂಲೆ ಕಿಟಕಿ ತಾನೇ? ಯಾವಾಗ ಬಂದ್ರೂ ಮುಚ್ಚೇ ಇರುತ್ತಲ್ಲೇ. ಸ್ವಲ್ಪ ತೆಗೆದಿಡಬಾರದಾ? ಒಂದು ದಿನ ಅಲ್ಲದಿದ್ರೆ ಒಂದು ದಿನ ನೀನು ಕಂಡೀಯ ಅಂತ ನೋಡ್ತಾನೇ ಇದೀನಿ."

ಹಳೇ ಫೋಟೋದ ಮಾತನ್ನು ಅವಳು ಅಲ್ಲಿಗೇ ಬಿಟ್ಟಳು. ಅವಳಿಗೆ ಅಳು ಬಂತು, ಈ ಇಬ್ಬರ ಮುಂದೆ ಅಳುವುದು ಹೇಗೆಂದು ನಾಚಿಕೆಯೂ ಆಯಿತು. ಲಂಬು ಬಾಯಿಂದ ತೋಳು ತೆಗೆದು ಫೋನಿನತ್ತ ಬಗ್ಗಿದ.

"ಅಜ್ಜ ಇದಾನೆ ಆಂಟಿ! ಟೋಪಿ ಮಾತ್ರ ಇಲ್ಲ, ಒಗೆಯೋಕೆ ಹಾಕಿದಾನಂತೆ."

"ಸದ್ಯ! ಆ ಟೋಪಿ ನೀರು ಕಂಡು ಎಷ್ಟು ದಿನವಾಗಿತ್ತೋ" ಎಂದು ಅಮ್ಮ ಸಮಾಧಾನಪಟ್ಟುಕೊಂಡಳು.

ಗೋಪುರ ಮಾತ್ರ ಅಮ್ಮ ಹೇಳಿದಲ್ಲೇ ಇತ್ತು. ಬಾಗಿಲು ಹಾಕುವ ಮೊದಲು ಹತ್ತಿದರು, ಏದುಸಿರು ಬಿಟ್ಟರು, ಫೋಟೋ ತೆಗೆದುಕೊಂಡರು. ಇಳಿಯುವಾಗ ಲಂಬು, "ಇನ್ನು ಮೇಲೆ ದಿಕ್ಸೂಚಿ ಅನ್ನೋ ಬಿರುದು ಆಂಟಿಗೆ. ನೀನು ಬರೀ ಸೂಜಿ" ಎಂದು ತೀರ್ಪು ಕೊಟ್ಟ. ಅವಳು ಜಗಳಕ್ಕೆ ನಿಲ್ಲಲಿಲ್ಲ.

ಕೋಣೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು; ಅಮ್ಮನ ಊರಿನಲ್ಲಿ ಆಗಲೇ ರಾತ್ರಿಯಾಗಿತ್ತು. ಅವಳು ಚಪ್ಪಲಿಯನ್ನೂ ಬಿಡದೆ ನೇರ ಮೂಲೆಗೆ ಹೋಗಿ, ಬಿಗಿದುಕೊಂಡಿದ್ದ ಕಿಟಕಿಯನ್ನು ಎರಡೂ ಕೈಯಿಂದ ತಳ್ಳಿ ತೆಗೆದಳು. ಚಳಿಗಾಳಿ ನುಗ್ಗಿ ಮೇಜಿನ ಮೇಲಿನ ಹಾಳೆಗಳೆಲ್ಲ ಹಾರಿದವು. ಡಾಕ್ಟರ್ ಹೊದಿಕೆ ಎಳೆದುಕೊಂಡು ಕಿರುಚಿದಳು.

"ಹುಚ್ಚು ಹಿಡೀತಾ? ಆ ಫೋಟೋದಲ್ಲಿ ಅದು ಯಾವತ್ತೂ ಮುಚ್ಚೇ ಇರುತ್ತೆ ಅಂತ ನಿಂಗೆ ಗೊತ್ತಲ್ವೇನೇ!"

"ಗೊತ್ತು" ಎಂದಳು ಅವಳು, ಕೆಳಗಿನ ರಸ್ತೆಯನ್ನೇ ನೋಡುತ್ತ. "ಸ್ವಲ್ಪ ಹೊತ್ತು ಮುಚ್ಚಬೇಡ ಕಣೆ. ಅಮ್ಮ ಬರೋ ಹೊತ್ತು."