ಮಿತಿಮೀರಿದ ಬಿಸಿ

ಸಿಮೆಂಟಿಗೆ ಸುಣ್ಣಕಲ್ಲಿನ ನುಣ್ಣನೆಯ ಪುಡಿ ಬೆರೆಸಿದರೆ, ನೀರು ಸೇರಿದ ಮೇಲೆ ಮಿಶ್ರಣ ಬೇಗ ಬಿಸಿಯೇರುತ್ತದೆ. ಕಾರ್ಖಾನೆಯ ಹಿರಿಯ ಅಧಿಕಾರಿ ಶಶಿಶೇಖರರಿಗೆ ಅದು ಗೊತ್ತಿದ್ದದ್ದೇ. ಆದರೆ ಸಹಾಯಕಿ ವನಮಾಲಾ ಪರೀಕ್ಷಿಸಿದಾಗ ಮಾತ್ರ ಆ ಬಿಸಿ ಮಿತಿಮೀರುತ್ತಿತ್ತು.

“ಇನ್ನೊಮ್ಮೆ ಹಿಂಗಾದ್ರ ನಿಮ್ಮನ್ನ ಕೆಲಸದಿಂದ ತೆಗೀಬೇಕಾಗ್ತದ ನೋಡ್ರಿ,” ಎಂದು ಶಶಿಶೇಖರರು ಆಕೆಯನ್ನು ಎಚ್ಚರಿಸಿದ್ದರು.

“ಅಳತಿ ಒಂಚೂರೂ ತಪ್ಪಿಲ್ರಿ ಸರ,” ಎಂದಷ್ಟೇ ಆಕೆ ಹೇಳಿದ್ದರು.

ಮರುದಿನ ಶಶಿಶೇಖರರು ಸುಳಿವು ಕೊಡದೆ ಒಳಹೊಕ್ಕರು. ತಣ್ಣನೆಯ ಪ್ರಯೋಗಾಲಯದಲ್ಲಿ ವನಮಾಲಾ ಒಬ್ಬರೇ ಕುಳಿತಿದ್ದರು. ಮಿಶ್ರಣದ ಡಬ್ಬಿ ಅವರ ಎರಡೂ ಅಂಗೈಗಳ ನಡುವೆ ಇತ್ತು.

“ಏನ್ರೀ ಇದು! ನಿಮ್ಮ ಕೈಯ ಬಿಸಿ ಅದಕ್ಕ ಹತ್ತೂದಿಲ್ಲೇನು?”

ಆಕೆ ಬೆಚ್ಚಿ ಡಬ್ಬಿಯನ್ನು ಕೆಳಗಿಟ್ಟರು.

“ತಪ್ಪಾತ್ರಿ ಸರ. ನಮ್ಮ ಮನಿಯವರು ತೀರಿಹೋದ ಮ್ಯಾಲೆ, ಕೈಯಾಗ ಹಿಡಿದ್ರ ಬೆಚ್ಚಗಾಗೂದು ಇದೊಂದ ನೋಡ್ರಿ.”