ಕೀಲಿ ಹಾಕಿದ ಮನೆ

ಒಮ್ಮೆ ಹೆಸರು ಬರೆಸಿದರೆ ಸಾಯುವ ತನಕ ಅಳಿಸದ ಮತದಾರರ ಪಟ್ಟಿ ಇಡೀ ದೇಶಕ್ಕೆ ಬಂತು. ಮನೆ ಮನೆ ಸುತ್ತಿ ಹೆಸರು ಬರೆಯುವ ಕೆಲಸ ಅಂಗನವಾಡಿಯ ನೀಲವ್ವನ ಕೊರಳಿಗೆ ಬಿತ್ತು. ಎರಡು ತಿಂಗಳು ಬಿಸಿಲಲ್ಲಿ ತಿರುಗಿ ಪರರ ಓಣಿಗಳಲ್ಲಿ ಚಪ್ಪಲಿ ಸವೆಸಿದಳು. ಅಚ್ಚಾಗಿ ಬಂದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ.

ಕಚೇರಿಯ ಗುಮಾಸ್ತ ಎಲೆಯಡಿಕೆ ಜಗಿಯುತ್ತಲೇ ಕಡತ ತೆರೆದ.

“ನಿಮ್ಮ ಓಣಿ ಬರಕೊಳ್ಳೋ ಮಾಸ್ತರು ಮೂರು ಸಲ ಬಂದಾರ್ರೀ. ಮೂರೂ ಸಲ ಮನೀಗೆ ಕೀಲಿ. ಹಂಗಿದ್ರ ಊರು ಬಿಟ್ಟಾರಂತ ಬರೀಬೇಕು, ನಿಯಮ ಐತಿ.”

“ಊರು ಎಲ್ಲಿ ಬಿಟ್ಟೀನ್ರೀ? ನಿಮ್ಮ ಕೆಲಸಕ್ಕಂತನ ಮಂದಿ ಬಾಗಲಾ ಬಡೀತಿದ್ದೆ.”

“ಬರೇ ಬಾಯಿಲೆ ಹೇಳಿದ್ರ ಆಗಂಗಿಲ್ಲ. ಸಾಕ್ಷಿ ಬೇಕು.”

ಅವನ ತುಟಿಯಂಚಿಗೆ ಕೆಂಪು ರಸ ಇಳಿದಿತ್ತು. ನೀಲವ್ವ ಕಡತದಲ್ಲಿ ಮಾಸ್ತರು ಬಂದುಹೋದ ತಾರೀಖಿನ ಮೇಲೆ ಬೆರಳಿಟ್ಟಳು.

“ಇದೇ ಹನ್ನೆರಡನೇ ತಾರೀಖು, ಮಧ್ಯಾಹ್ನ. ನೀವು ಉಂಡು ಕೈ ತೊಳಿಯೋ ತನಕ ನಿಮ್ಮ ಮನಿ ಕಟ್ಟಿ ಮ್ಯಾಲ ಕುಂತಿದ್ದೆ. ನಿಮ್ಮ ಮನಿಯವರದು ಏಳು ಹೆಸರು ಬರದೀನಿ. ನೆನಪೈತೋ ಇಲ್ಲೋ?”

“ಹೌದಲ್ಲ! ನೆನಪೈತಿ.”

ಅವಳಿಗೆ ಜೀವ ಬಂತು. “ಹಂಗಾರ ಅದನ್ನ ಬರದು ಸಹಿ ಹಾಕ್ರಿ.”

ಗುಮಾಸ್ತ ಖುಷಿಯಿಂದಲೇ ಪೆನ್ನು ತೆಗೆದ. ಬರೆದು, ಸಹಿ ಹಾಕಿ, ಗಟ್ಟಿಯಾಗಿ ಓದಿದ: “ಸದರಿ ದಿನ ಈಕೆ ತನ್ನ ಮನೆಯಲ್ಲಿ ಇರಲಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.”