ಹಗಲಿನ ನಿದ್ದೆ

ಕಾವ್ಯಶ್ರೀ ಅಪ್ಪನ ಕೋಣೆಯಿಂದ ತುದಿಗಾಲಲ್ಲಿ ಅಡುಗೆಮನೆಗೆ ಬಂದಳು. ಅವಳ ಅವ್ವ ಸುಧಾಮಣಿ ಪಾತ್ರೆಯಲ್ಲಿ ಅನ್ನ ಬೇಯಿಸುತ್ತಿದ್ದಳು. ಕುಕ್ಕರ್ ಕೂಗಿದರೆ ಅಗ್ನಿಶಾಮಕ ದಳದಲ್ಲಿದ್ದ ಅಪ್ಪ ಮಹದೇವಪ್ರಸಾದ್ ಅದನ್ನು ಠಾಣೆಯ ಗಂಟೆಯೆಂದುಕೊಂಡು ಎದ್ದು ಬೂಟು ಹುಡುಕುತ್ತಿದ್ದ. ಪಾಳಿ ವಾರವಾರವೂ ಬದಲಾಗತೊಡಗಿದ ಮೇಲೆ, ಅವನು ಹಗಲು ಮಲಗುವ ವಾರಗಳಲ್ಲಿ ಗುಂಡ್ಲುಪೇಟೆಯ ಆ ಮನೆಯಲ್ಲಿ ಕುಕ್ಕರ್ ಇಡುತ್ತಿರಲಿಲ್ಲ.

“ಅಪ್ಪ ನಿದ್ದೆ ಮಾಡ್ತಿಲ್ಲ ಕಣವ್ವ. ಸುಮ್ನೆ ಕಣ್ ಮುಚ್ಕೊಂಡವ್ರೆ. ರೆಪ್ಪೆ ಅಲ್ಲಾಡ್ತಾ ಅದೆ.”

“ಗೊತ್ತು ಕಣಮ್ಮಿ. ಅವ್ರಿಗೆ ನಿದ್ದೆ ಬಂದು ಎಷ್ಟೋ ದಿನ ಆಯ್ತು. ನಮ್ಗೆ ಗೊತ್ತು ಅಂತ ತಿಳುದ್ರೆ ಮಲಗೋದ್ನೂ ಬುಟ್ಬುಡ್ತಾರೆ. ಮೆತ್ಗೆ ಮಾತಾಡು.”

ಗೋಡೆಯಾಚೆ ಮಹದೇವಪ್ರಸಾದ್‌ಗೆ ಎಲ್ಲವೂ ಕೇಳಿಸಿತು. ಅವನು ಮಗ್ಗುಲು ಬದಲಿಸಿ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಗೊರಕೆ ಹೊಡೆಯತೊಡಗಿದ.